ಒಂಟೆ ಬಿಟ್ಟುಕೊಟ್ಟ ಮನೆ

ದೋಣಿಗಲ್ಲಿನಲ್ಲಿ ‘ಎಂಜಿನ್ ಟೆಸ್ಟ್ ಮಾಡ್ತಿದ್ದೀನಿ’ ಅಂದರೆ ಜನ ರೈಲ್ವೆ ಸ್ಟೇಷನ್ನಿನ ಕಡೆ ನೋಡುತ್ತಾರೆ. ತಪ್ಪೇನಿಲ್ಲ. ಐವತ್ತು ಅಡಿಗೆ ಒಂದಡಿ ಏರುವ ಘಾಟಿ ನಮ್ಮದು. ಗೂಡ್ಸ್ ಗಾಡಿಗೆ ಹಿಂದಿನಿಂದಲೂ ಎಂಜಿನ್ ಕೊಟ್ಟು ನೂಕಿಸಬೇಕು. ನನ್ನ ಎಂಜಿನ್ ಬೇರೆ, ಲ್ಯಾಪ್‌ಟಾಪಿನೊಳಗೆ ಕೂತು ಚೆಸ್ ಆಡುವಂಥದ್ದು. ಆಷಾಢದ ಮಳೆ ಹಿಡಿದರೆ ತೋಟದ ಕೆಲಸ ನಿಲ್ಲುತ್ತದೆ. ಕರೆಂಟು ಇದ್ದಷ್ಟು ಹೊತ್ತು ಅದಕ್ಕೊಂದು ಪರೀಕ್ಷೆ.

ಪ್ರಶ್ನೆ ಒಂದೇ. 1998, ಸ್ಪೇನಿನ ಲಿನಾರೆಸ್. ಬಿಳಿ ಕಾಯಿ ವೆಸೆಲಿನ್ ಟೊಪಲೋವ್, ಕಪ್ಪು ಅಲೆಕ್ಸಿ ಶಿರೋವ್. ಮನೆಯಲ್ಲಿ ಬೋರ್ಡ್ ಇದ್ದರೆ ಜೋಡಿಸಿಕೊಳ್ಳಿ, ನಿಧಾನವಾಗಿ ಹೇಳುತ್ತೇನೆ. ಬಿಳಿ: ರಾಜ ಜಿ1, ಒಂಟೆ ಸಿ3, ಕಾಲಾಳು ಜಿ2 ಮತ್ತು ಎಚ್4. ಕಪ್ಪು: ರಾಜ ಇ6, ಒಂಟೆ ಎಫ್5, ಕಾಲಾಳು ಎ4, ಡಿ5, ಎಫ್6, ಜಿ6. ಸರದಿ ಕಪ್ಪಿನದು, 47ನೆಯ ನಡೆ.

ಕಪ್ಪಿಗೆ ಎರಡು ಕಾಲಾಳು ಹೆಚ್ಚು. ಆದರೆ ಒಂದು ಒಂಟೆ ಬಿಳಿ ಮನೆಗಳದ್ದು, ಇನ್ನೊಂದು ಕಪ್ಪು ಮನೆಗಳದ್ದು. ಇಂಥ ಆಟ ಡ್ರಾ ಕಡೆಗೇ ಜಾರುತ್ತದೆ. ಶಿರೋವ್ ತಮ್ಮ ಒಂಟೆಯನ್ನು ಎಚ್3ಕ್ಕೆ ತಂದಿಟ್ಟರು. ಅಲ್ಲಿ ಹೊಡೆಯುವುದಕ್ಕೆ ಏನೂ ಇಲ್ಲ, ಚೆಕ್ ಕೂಡ ಇಲ್ಲ. ಜಿ2ರ ಕಾಲಾಳಿಗೆ ಪುಕ್ಕಟೆ ತುತ್ತು.

ಯಾಕೆ? ಒಂಟೆ ಕೂತಿದ್ದ ಎಫ್5 ರಾಜನಿಗೆ ಬೇಕು, ಅಲ್ಲಿಂದ ಇ4ಕ್ಕೆ ನುಗ್ಗಬೇಕು. ಒಂಟೆಯೇ ಇ4ಕ್ಕೆ ಸರಿದರೆ ಜಿ2ರ ಮೇಲೆ ಕಣ್ಣೇನೋ ಬಿತ್ತು, ರಾಜನ ದಾರಿಗೆ ಮತ್ತೆ ಅದೇ ಅಡ್ಡ. ಸುಮ್ಮನೆ ಬೇರೆಲ್ಲಿಗೋ ಸರಿದರೆ ಬಿಳಿ ರಾಜ ಮೊದಲು ಬಂದು ಬಾಗಿಲು ಹಾಕುತ್ತಾನೆ. ಎಚ್3ರಿಂದಾದರೆ ಜಿ2ಕ್ಕೆ ಬೆದರಿಕೆಯೂ ಆಯಿತು, ದಾರಿಯೂ ತೆರವಾಯಿತು. ಸಿಕ್ಕಿದ್ದು ಒಂದು ಹೆಜ್ಜೆ. ಅದಕ್ಕೆ ತೆತ್ತದ್ದು ಇಡೀ ಒಂಟೆ.

ಒಂಟೆ ಹೋದ ನಷ್ಟ ಯಂತ್ರಕ್ಕೆ ತಕ್ಷಣ ಕಾಣುತ್ತದೆ. ಕಾಲಾಳು ಮಂತ್ರಿಯಾಗುವುದು ಎಷ್ಟೋ ನಡೆಗಳ ಆಚೆ. ಅದಕ್ಕೇ ಹಳೆಯ ಎಂಜಿನ್‌ಗಳು ಇಲ್ಲಿ ಬಹುಕಾಲ ತಡವರಿಸಿದವು. ಅವಸರದಲ್ಲಿ ಚಿಗುರು ತೆಗೆಯುವವರು ಕಾಯಿ ಕಚ್ಚುವ ಕೊಂಬೆಯನ್ನೇ ಮುರಿದ ಹಾಗೆ, ಈ ನಡೆಯನ್ನು ಮೊದಲೇ ಕತ್ತರಿಸಿ ಮುಂದೆ ಹೋಗುತ್ತಿದ್ದವು.

ಎಚ್3 ಎಂದು ತೋರಿಸಿದ ಮಾತ್ರಕ್ಕೆ ನಾನು ಪಾಸ್ ಮಾಡುವುದಿಲ್ಲ. ಪಕ್ಕದಲ್ಲಿ ಅಂಕ ಬರುತ್ತದಲ್ಲ, ಅದು ಏರಬೇಕು. ಏರದಿದ್ದರೆ ಕುರುಡು ಕಲ್ಲು ಕಾಯಿಗೆ ತಾಗಿದೆ, ಅಷ್ಟೆ. ಒಮ್ಮೆ ಎರಡೇ ಸೆಕೆಂಡಿಗೆ ಹೇಳಿಬಿಟ್ಟಿತು. ತಂಗಿಯ ಮಗನ ಮುಂದೆ ಕೊಚ್ಚಿಕೊಂಡೆ. ‘ಮಾವ, ಅದು ಕಾಪಿ ಹೊಡೆದಿದೆ’ ಅಂದ. ನಿಜವೇ. ಸ್ವಲ್ಪ ಮುಂಚೆ ನಾನೇ ಆ ನಡೆ ಆಡಿಸಿ ಹಿಂದಕ್ಕೆ ಬಂದಿದ್ದೆ, ಅದರ ನೆನಪಿನಲ್ಲಿ ಉತ್ತರ ಕೂತಿತ್ತು. ಈಗ ನೆನಪು ಅಳಿಸಿಯೇ ಕೂರಿಸುತ್ತೇನೆ.

ಟೊಪಲೋವ್ ಒಂಟೆಯನ್ನು ಹೊಡೆದರು, 53ನೆಯ ನಡೆಗೆ ಸೋಲೊಪ್ಪಿದರು. ಹೊಡೆಯದೆ ರಾಜನನ್ನು ಎಫ್2ಕ್ಕೆ ತಂದಿದ್ದರೆ? ಕಪ್ಪು ರಾಜ ಎಫ್5ಕ್ಕೆ, ಬಿಳಿ ರಾಜ ಎಫ್3ಕ್ಕೆ. ಆಗ ಒಂಟೆ ಜಿ2ರ ಕಾಲಾಳನ್ನು ಚೆಕ್ ಕೊಟ್ಟು ಹೊಡೆಯುತ್ತದೆ. ಅದನ್ನು ಹೊಡೆಯಲು ಬಿಳಿ ರಾಜ ಹಿಂದಕ್ಕೆ ಹೋಗಲೇಬೇಕು. ಇ4ಕ್ಕೆ ಕಾವಲಿಲ್ಲ.