ಬೋರಿನ ಪುಡಿ, ಊರಿನ ಹೆಸರು



ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಬೋರು ಕೊರೆಸುವಾಗ ಎಲ್ಲರ ಕಣ್ಣೂ ನೀರಿನ ಮೇಲೆ. ಎರೆಮಣ್ಣು ಮುಗಿದು, ಗರಸು ದಾಟಿ, ಬೂದು ಪುಡಿ ಹಾರತೊಡಗಿದರೆ ‘ಗಟ್ಟಿ ಕಲ್ಲು ಬಿತ್ತು’ ಎಂದು ಅಲ್ಲಿಗೇ ಬಿಡುತ್ತೇವೆ. ಆ ಪುಡಿಯನ್ನೊಮ್ಮೆ ತೊಳೆದು ಭೂತಗನ್ನಡಿಯಲ್ಲಿ ನೋಡಬೇಕು. ಗದಗ-ಬೆಟಗೇರಿಯ ಸುತ್ತ ಎಷ್ಟೋ ಕಡೆ ಅದರಲ್ಲಿ ಮರಳಿನ ಹರಳು, ಹರಳಿನ ಸಂದಿಯಲ್ಲಿ ಗಟ್ಟಿಗೊಂಡ ಕೆಸರು ಕಾಣುತ್ತದೆ. ಇದು ಗ್ರೇವ್ಯಾಕ್. 250 ಕೋಟಿ ವರ್ಷಕ್ಕೂ ಹಿಂದೆ ನೀರಿನ ತಳದಲ್ಲಿ ಕೂತ ಮರಳು, ಕಾವು ಮತ್ತು ಒತ್ತಡಕ್ಕೆ ಸಿಕ್ಕಿ ಮಾರ್ಪಟ್ಟದ್ದು.

ಇಂಥ ಕಲ್ಲಿನ ಪದರಗಳಿಗೆ ಹೆಸರಿಡುವ ಕ್ರಮವೊಂದಿದೆ. ಆ ಕಲ್ಲು ಚೆನ್ನಾಗಿ ಕಾಣುವ ಊರಿನ ಹೆಸರನ್ನೇ ಅದಕ್ಕೆ ಕೊಡುತ್ತಾರೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರ ತಮ್ಮ ವರದಿಯಲ್ಲಿ ಕಲಾದಗಿಯ ಶಿಲೆಗಳನ್ನು ವಿವರಿಸಿದರು. ಮುಂದೆ ನಮ್ಮ ಕಪ್ಪತಗುಡ್ಡವೂ ಸೇರುವ ಹಳೆಯ ಶಿಲೆಗಳಿಗೆ ಧಾರವಾಡದ ಹೆಸರು ಕೊಟ್ಟರು. ನಮ್ಮ ಗದಗ ಜಿಲ್ಲೆಯ ಗಜೇಂದ್ರಗಡದ ಗುಡ್ಡ ಆ ಕಲಾದಗಿ ಸಮೂಹದ ಮರಳುಗಲ್ಲಿನದು. ಬಾದಾಮಿಯ ಗುಹೆ ಕೊರೆದ ಪದರಕ್ಕಂತೂ ಗುಹಾದೇಗುಲದ ಹೆಸರೇ ಸಂದಿದೆ. ಅಲ್ಲಿನ ಗೋಡೆಯಲ್ಲಿ ಓರೆಯಾಗಿ ಹಾಯುವ ಗೆರೆಗಳನ್ನು ಗಮನಿಸಿ: ಹರಿವ ನೀರು ಮರಳನ್ನು ಯಾವ ದಿಕ್ಕಿಗೆ ತಳ್ಳಿತೆಂಬುದು ಅಲ್ಲೇ ಇದೆ.

ನೆಲದ ಮೇಲೆ ಎಲ್ಲೂ ಇಣುಕದ ಕಲ್ಲಾದರೆ? ಆಗ ಬಾವಿಯೇ ಸಾಕ್ಷಿ. ಆಂಧ್ರದ ಮಂಡಪೇಟ ಮರಳುಗಲ್ಲು ಅಂಥದ್ದು. ಅನಿಲಕ್ಕಾಗಿ ಕೊರೆದ ಆಳದ ಬಾವಿಗಳಿಂದಲೇ ಅದರ ಪರಿಚಯ. ಹೀಗೆ ಬಾವಿಯಲ್ಲಿ ಸಿಕ್ಕ ಕಲ್ಲಿಗೆ ಹೆಸರಿಡುವಾಗ ಎಷ್ಟನೆಯ ಅಡಿಯಲ್ಲಿ ಶುರು, ಎಷ್ಟರಲ್ಲಿ ಮುಗಿಯಿತು, ಮೇಲೆ ಕೆಳಗೆ ಯಾವ ಕಲ್ಲು, ಬಣ್ಣವೇನು, ಹರಳು ದಪ್ಪವೋ ಸಣ್ಣದೋ, ಅದನ್ನು ಬೆಸೆದದ್ದು ಸುಣ್ಣವೋ ಸಿಲಿಕವೋ — ಇಷ್ಟನ್ನೂ ಬರೆದು, ತುಣುಕುಗಳನ್ನು ಕಾದಿಡಬೇಕು. ಇನ್ನೊಬ್ಬರು ಬಂದು ಪರೀಕ್ಷಿಸಲು ಆಗದಿದ್ದರೆ ಹೆಸರಿಟ್ಟೂ ವ್ಯರ್ಥ. ವಯಸ್ಸನ್ನು ಹೆಸರಿಗೆ ಅಂಟಿಸುವುದಿಲ್ಲ. ವಯಸ್ಸಿನ ಲೆಕ್ಕ ನಾಳೆ ಬದಲಾದೀತು, ಕಲ್ಲು ಬದಲಾಗದು.

ನಮ್ಮಲ್ಲಿ ಇಷ್ಟೊಂದು ಬೋರು ಕೊರೆದೂ ಆ ಪುಡಿ ಬದುವಿನಲ್ಲಿ ಮಳೆಗೆ ಕೊಚ್ಚಿಹೋಗುವುದು ನನಗೆ ನಿಜಕ್ಕೂ ಸಂಕಟ. ಮುಂದಿನ ಸಲ ಕೊರೆಸುವಾಗ ರಾಡು ಇಳಿದಂತೆಲ್ಲ ಒಂದೊಂದು ಹಿಡಿ ಪುಡಿ ಚೀಲಕ್ಕೆ ಹಾಕಿಡಿ. ಚೀಲದ ಮೇಲೆ ಸರ್ವೆ ನಂಬರು, ಆಳ, ತಾರೀಖು ಬರೆಯಿರಿ. ಹತ್ತಿರದ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವವರಿದ್ದರೆ ಅವರಿಗೆ ತೋರಿಸಿ.