ಒಂದು ಗುಂಡಿಗೆ ಒಂದೇ ಸಸಿ: ಎಳೆಯ ಮಕ್ಕಳ ಮನೆಕಲಿಕೆಗೆ ಪಠ್ಯಕ್ರಮದ ಆಯ್ಕೆ ಮತ್ತು ಜೋಡಣೆ



ಘಟ್ಟದ ಒಂಟಿಮನೆಗಳಲ್ಲಿ ಮಳೆಗಾಲ ಬಂತೆಂದರೆ ಎಳೆಯ ಮಕ್ಕಳ ಕಲಿಕೆ ಮನೆಯೊಳಗೇ ನಡೆಯಬೇಕಾಗುತ್ತದೆ. ಹಳ್ಳ ತುಂಬಿ ಹರಿಯುವಾಗ ಆರು ವರ್ಷದ ಮಗುವನ್ನು ಸಂಕ ದಾಟಿಸಿ ಕಳುಹಿಸುವ ಧೈರ್ಯ ಯಾವ ತಾಯಿಗೂ ಬಾರದು. ಮಕ್ಕಳ ಓದಿಗೆಂದು ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದು, ತಾಯಿ ಮಕ್ಕಳು ಅಲ್ಲಿ, ತಂದೆ ತೋಟದಲ್ಲಿ ಎಂಬಂತೆ ಸಂಸಾರ ಎರಡಾಗುವುದೂ ಮಲೆನಾಡಿಗೆ ಹೊಸದಲ್ಲ. ಇದನ್ನು ತಪ್ಪಿಸಲೆಂದು ಕೆಲವು ಪಾಲಕರು ಮಗುವನ್ನು ಎಂಟು ವರ್ಷದವರೆಗೆ ಮನೆಯಲ್ಲೇ ಕಲಿಸುವ ನಿರ್ಧಾರಕ್ಕೆ ಬರುತ್ತಾರೆ. ಹಾಗೆ ನಿರ್ಧರಿಸಿದವರು ಯಾವ ಪಠ್ಯಕ್ರಮವನ್ನು ಆರಿಸಬೇಕು, ಒಂದಕ್ಕಿಂತ ಹೆಚ್ಚು ಕ್ರಮಗಳನ್ನು ಹೇಗೆ ಜೋಡಿಸಬೇಕು ಎಂಬುದೇ ಈ ಮಾತಿನ ವಿಷಯ.

ಮೊದಲಿಗೆ ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಒದಗಿಸುವುದು ಸರ್ಕಾರದ ಹೊಣೆ. ಮಗುವನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎಂದು ಅದರ 10ನೆಯ ಕಲಮು ಹೇಳುತ್ತದೆ. ಪಾಲಕರನ್ನು ದಂಡಿಸುವ ಕಲಮು ಅದರಲ್ಲಿಲ್ಲ. ಮನೆಕಲಿಕೆಗೆ ಸ್ಪಷ್ಟ ಅನುಮತಿ ಕೊಡುವ ಕಲಮೂ ಇಲ್ಲ. ಆದರೆ 4ನೆಯ ಕಲಮು ಒಂದು ಬಾಗಿಲನ್ನು ತೆರೆದಿಟ್ಟಿದೆ. ಶಾಲೆಗೆ ಸೇರದೆ ಉಳಿದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಉಳಿದವರ ಸಮಕ್ಕೆ ಬರಲು ಬೇಕಾದ ವಿಶೇಷ ತರಬೇತಿಯನ್ನೂ ಕೊಡಬೇಕು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮುಕ್ತ ಮೂಲಶಿಕ್ಷಣದಲ್ಲಿ ಮೂರು, ಐದು ಮತ್ತು ಎಂಟನೆಯ ತರಗತಿಗಳಿಗೆ ಸಮನಾದ ಮೂರು ಹಂತಗಳಿವೆ. ಆದುದರಿಂದ ಮನೆಯಲ್ಲಿ ಏನನ್ನೇ ಕಲಿಸಿದರೂ, ಯಾವ ದಿನವಾದರೂ ಮಗು ಊರ ಶಾಲೆಯ ಮೂರನೆಯ ತರಗತಿಯಲ್ಲಿ ಅಂಜದೆ ಕುಳಿತುಕೊಳ್ಳುವಂತಿರಬೇಕು. ಪಠ್ಯಕ್ರಮದ ಆಯ್ಕೆಗೆ ಇದೇ ಮೊದಲನೆಯ ಅಳತೆಗೋಲು.

ಇನ್ನು ಪಾಲಕರ ಕೈಗೆ ಸಿಗುವ ಕ್ರಮಗಳು ಯಾವುವು? ಹೆಚ್ಚಾಗಿ ಕೇಳಿಬರುವುದು ಮಾಂಟೆಸ್ಸೊರಿ ಕ್ರಮ. ಮಾರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದರು. 1939ರಲ್ಲಿ ಮದರಾಸಿಗೆ ಬಂದ ಅವರು ಮಹಾಯುದ್ಧದ ಕಾರಣದಿಂದ ಭಾರತದಲ್ಲಿಯೇ ಉಳಿಯಬೇಕಾಯಿತು. ಅದರಲ್ಲಿ 1942ರಿಂದ 1944ರವರೆಗಿನ ಕಾಲ ಕಳೆದದ್ದು ಕೊಡೈಕೆನಾಲಿನ ಬೆಟ್ಟದಲ್ಲಿ. ಆರು ವರ್ಷ ದಾಟಿದ ಮಕ್ಕಳಿಗೆ ಭೂಮಿ, ನೀರು, ಸಸ್ಯ, ಪ್ರಾಣಿ, ಮನುಷ್ಯ ಇವೆಲ್ಲ ಒಂದನ್ನೊಂದು ಹೊತ್ತು ನಿಂತಿವೆ ಎಂದು ತೋರಿಸುವ ಅವರ ಪಾಠಕ್ರಮ ಬಲಿತದ್ದು ಆ ಬೆಟ್ಟದ ಮೇಲೆಯೇ. ಕೈಯಿಂದ ಮುಟ್ಟಿ, ಎಣಿಸಿ, ಸುರಿದು, ಜೋಡಿಸಿ ಕಲಿಯುವುದು ಈ ಕ್ರಮದ ಬಲ. ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರವನ್ನು ಮಗು ಬೆರಳಿನಿಂದ ಸವರುತ್ತದೆ. ಮರಳಿನ ಮೇಲೆ, ಅಕ್ಕಿಯ ಮೇಲೆ ಅಕ್ಷರ ತಿದ್ದಿಸುವ ಪದ್ಧತಿಯನ್ನು ಬಲ್ಲ ಕನ್ನಡದ ಮನೆಗಳಿಗೆ ಇದು ಅಪರಿಚಿತವಲ್ಲ.

ಎರಡನೆಯದು ಇಂಗ್ಲೆಂಡಿನ ಷಾರ್ಲೆಟ್ ಮೇಸನ್ ಅವರ ಕ್ರಮ. ಅವರು ನೆಲೆಸಿದ ಆಂಬಲ್‌ಸೈಡ್ ಕೂಡ ಬೆಟ್ಟ ಕೆರೆಗಳ ನಾಡು. 1886ರಲ್ಲಿ ಪ್ರಕಟವಾದ ಅವರ ಗ್ರಂಥ ಮನೆಯಲ್ಲಿ ಕೊಡುವ ಶಿಕ್ಷಣವನ್ನೇ ಕುರಿತದ್ದು. ಆರು ವರ್ಷದವರೆಗೆ ವಿಧಿಬದ್ಧ ಪಾಠ ಬೇಡ, ದಿನದ ಬಹುಪಾಲು ಬಯಲಿನಲ್ಲಿ ಕಳೆಯಲಿ, ಎಂಟರ ಒಳಗಿನವರಿಗೆ ಒಂದು ಪಾಠ ಇಪ್ಪತ್ತು ನಿಮಿಷವನ್ನು ಮೀರದಿರಲಿ, ಕೇಳಿದ ಕಥೆಯನ್ನು ಮಗು ತನ್ನ ಮಾತಿನಲ್ಲಿ ಹೇಳಲಿ, ಕಂಡ ಗಿಡವನ್ನು ತನ್ನ ಪುಸ್ತಕದಲ್ಲಿ ಬರೆಯಲಿ ಎಂಬುದು ಅದರ ತಿರುಳು.

ಮೂರನೆಯದು 1919ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ರುಡಾಲ್ಫ್ ಸ್ಟೈನರ್ ಅವರಿಂದ ಆರಂಭವಾದ ವಾಲ್ಡಾರ್ಫ್ ಕ್ರಮ. ಕಥೆ, ಹಾಡು, ಬಣ್ಣ, ಕೈಕಸಬುಗಳಿಗೆ ಇಲ್ಲಿ ಪ್ರಾಧಾನ್ಯ. ಅಕ್ಷರದ ಪಾಠ ಏಳನೆಯ ವರ್ಷದ ಸುಮಾರಿಗೆ ಮಾತ್ರ.

ನಾಲ್ಕನೆಯದು ಕರ್ನಾಟಕದ್ದೇ ಆದ ನಲಿ-ಕಲಿ. ಆಂಧ್ರದ ಮದನಪಲ್ಲಿಯ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಿಕ್ಷಕರು 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಇದನ್ನು ಆರಂಭಿಸಿದರು. 2009-10ರಿಂದ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆ ವಿಸ್ತರಿಸಿತು. ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತು, ಕಾರ್ಡುಗಳ ನೆರವಿನಿಂದ, ಕಲಿಕಾ ಏಣಿಯ ಮೆಟ್ಟಿಲನ್ನು ತಮ್ಮ ತಮ್ಮ ವೇಗದಲ್ಲಿ ಏರುವ ಏರ್ಪಾಡು ಇದು. ಅಣ್ಣ, ತಂಗಿ, ಪಕ್ಕದ ಮನೆಯ ಮಗು ಒಟ್ಟಿಗೆ ಕಲಿಯುವ ಜಗಲಿಗೆ ಇದಕ್ಕಿಂತ ಹೊಂದುವ ಮಾದರಿ ಸಿಗುವುದು ಕಷ್ಟ.

ಹೀಗೆ ನಾಲ್ಕೂ ಕಡೆಯಿಂದ ಒಳ್ಳೆಯದನ್ನು ಆರಿಸಿ ಸೇರಿಸಿದರೆ ಇನ್ನೂ ಒಳ್ಳೆಯದಾಗಬೇಕಲ್ಲವೇ ಎಂದು ಪಾಲಕರಿಗೆ ಅನ್ನಿಸುವುದು ಸಹಜ. ಇದಕ್ಕೆ ಅಡಿಕೆ ತೋಟವೇ ಉತ್ತರ ಹೇಳುತ್ತದೆ. ತೋಟದಲ್ಲಿ ಅಡಿಕೆಯ ಮರಕ್ಕೆ ಮೆಣಸಿನ ಬಳ್ಳಿ ಹಬ್ಬುತ್ತದೆ, ನಡುವೆ ಬಾಳೆ ನಿಲ್ಲುತ್ತದೆ, ನೆರಳಿನಲ್ಲಿ ಏಲಕ್ಕಿ ಬೆಳೆಯುತ್ತದೆ. ಆದರೆ ಒಂದು ಗುಂಡಿಗೆ ಎರಡು ಅಡಿಕೆ ಸಸಿಗಳನ್ನು ಯಾರೂ ನೆಡುವುದಿಲ್ಲ. ಪಠ್ಯಕ್ರಮಗಳ ಜೋಡಣೆಯೂ ಹೀಗೆಯೇ. ಮೆಟ್ಟಿಲು ಮೆಟ್ಟಿಲಾಗಿ ಏರಬೇಕಾದ ವಿಷಯಗಳು ಎಳೆಯ ವಯಸ್ಸಿನಲ್ಲಿ ಎರಡೇ: ಅಕ್ಷರ ಮತ್ತು ಲೆಕ್ಕ. ಇವೆರಡಕ್ಕೂ ಒಂದೊಂದೇ ಕ್ರಮವಿರಬೇಕು. ಕಥೆ, ಹಾಡು, ಚಿತ್ರ, ಕೈಕೆಲಸ, ಕಾಡಿನ ತಿಳಿವು ಇವುಗಳನ್ನು ಎಲ್ಲಿಂದ ತಂದು ಹಬ್ಬಿಸಿದರೂ ಬಾಧೆಯಿಲ್ಲ.

ಒಂದು ನಿದರ್ಶನ ಸಾಕು. ನಲಿ-ಕಲಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ಮೊದಲಿಗೆ ರ, ಗ, ಸ, ದ, ಅ. ಅನಂತರ ಜ, ವ, ಮ, ಬ, ನ. ಮೊದಲ ಐದು ಅಕ್ಷರ ಕಲಿತೊಡನೆ ಮಗು ಸರ, ಅರಸ, ಅಗಸ, ಗರಗಸ ಎಂಬ ಪದಗಳನ್ನು ತಾನೇ ಓದಬಲ್ಲದು. ಓದಿನ ಸುಖ ಮೊದಲ ವಾರಗಳಲ್ಲೇ ದೊರೆಯುತ್ತದೆ. ಅದೇ ಮಗುವಿಗೆ ಸಂಜೆ ಅಜ್ಜ ಅ, ಆ, ಇ, ಈ ಎಂದು ಬಾಯಿಪಾಠ ಮಾಡಿಸಿ, ಅದೇ ದಿನ ಅದನ್ನೇ ಬರೆಯಿಸಲು ತೊಡಗಿದರೆ ಎರಡು ಏಣಿಗಳ ನಡುವೆ ಮಗುವಿನ ಕಾಲು ಸಿಕ್ಕಿಕೊಳ್ಳುತ್ತದೆ. ಅಜ್ಜನ ವರ್ಣಮಾಲೆ ಹಾಡಾಗಿ ಇರಲಿ; ಬರವಣಿಗೆ ಒಂದೇ ಕ್ರಮದಲ್ಲಿ ಸಾಗಲಿ. ಹಾಗೆಯೇ ನಾಲ್ಕನೆಯ ವರ್ಷದಲ್ಲೇ ಅಕ್ಷರವನ್ನು ಬೆರಳಿಗೆ ಮುಟ್ಟಿಸುವ ಮಾಂಟೆಸ್ಸೊರಿಯನ್ನೂ ಏಳರವರೆಗೆ ಕಾಯುವ ವಾಲ್ಡಾರ್ಫನ್ನೂ ಅಕ್ಷರದ ವಿಷಯದಲ್ಲಿ ಕೂಡಿಸಲಾಗದು. ಒಂದನ್ನು ಆರಿಸಿ ಅದರಲ್ಲಿ ನಿಲ್ಲಬೇಕು. ಏಳರವರೆಗೆ ಕಾಯುವುದಾದರೆ ಮೂರನೆಯ ತರಗತಿಗೆ ಮುನ್ನ ಉಳಿಯುವ ಕಾಲ ಕಡಿಮೆ ಎಂಬುದನ್ನೂ ಪಾಲಕರು ಮೊದಲೇ ಎಣಿಸಿಕೊಂಡಿರಬೇಕು.

ಲೆಕ್ಕಕ್ಕೆ 2022ರ ರಾಷ್ಟ್ರೀಯ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಒಂದು ಸರಳ ಸರಣಿಯನ್ನು ಹೇಳುತ್ತದೆ: ಮೊದಲು ಅನುಭವ, ಬಳಿಕ ಮಾತು, ಬಳಿಕ ಚಿತ್ರ, ಕೊನೆಗೆ ಸಂಕೇತ. ಮಲೆನಾಡಿನ ಮನೆಯಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಹಣ ಕೊಟ್ಟು ತರುವಂಥದ್ದಲ್ಲ. ಒಣಗಿದ ಅಡಿಕೆಯನ್ನು ಹತ್ತು ಹತ್ತರ ಗುಡ್ಡೆ ಮಾಡಿದಾಗ ಹನ್ನೊಂದು ಎಂಬ ಹೆಸರಿನಲ್ಲಿ ಅಡಗಿರುವ ಹತ್ತು ಮಗುವಿನ ಕಣ್ಣಿಗೆ ಬೀಳುತ್ತದೆ. ಅಟ್ಟದ ಮೇಲಿನ ಪಾವು, ಅಚ್ಚೇರು, ಸೇರುಗಳನ್ನು ಕೆಳಗಿಳಿಸಿ ಭತ್ತ ಅಳೆಯಿಸಿದರೆ ಕಾಲು, ಅರೆ, ಒಂದು ಎಂಬ ಭಿನ್ನರಾಶಿಯ ಪಾಠ ತಾನಾಗಿಯೇ ಆಗುತ್ತದೆ.

ಪರಿಸರದ ಪಾಠದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಹೊರದೇಶದಿಂದ ಬಂದ ಪುಸ್ತಕಗಳಲ್ಲಿ ನಾಲ್ಕು ಋತುಗಳಿವೆ, ಹಿಮ ಬೀಳುತ್ತದೆ, ಚಳಿಗೆ ಮುನ್ನ ಎಲೆ ಕೆಂಪಾಗಿ ಉದುರುತ್ತದೆ. ಘಟ್ಟದ ಎಲೆಯುದುರುವ ಕಾಡಿನಲ್ಲಿ ಎಲೆ ಉದುರುವುದು ಮಳೆ ನಿಂತ ಮೇಲಿನ ಒಣಗಾಲದಲ್ಲಿ. ಇಲ್ಲಿ ಕೆಂಪಾಗಿ ಕಾಣುವುದು ಹಲವು ಮರಗಳ ಹೊಸ ಚಿಗುರು. ಪುಸ್ತಕ ಹೇಳುವುದು ಒಂದು, ಕಿಟಕಿ ತೋರಿಸುವುದು ಇನ್ನೊಂದು ಆದಾಗ ಮಗು ಪುಸ್ತಕವನ್ನು ನಂಬಿ ಕಿಟಕಿಯನ್ನು ಮರೆಯಲು ಕಲಿಯುತ್ತದೆ. ತನ್ನ ನೆಲ ಓದಿಗೆ ತಕ್ಕುದಲ್ಲ ಎಂಬ ಭಾವ ಅಲ್ಲಿಂದಲೇ ಮೊಳೆಯುತ್ತದೆ. ಕಾಡು ಉಳಿಸುವ ಮಾತು ಹದಿನೆಂಟು ತುಂಬಿದ ಮೇಲೆ ಹೇಳಿದರೆ ತಡವಾಯಿತೆನ್ನಬೇಕು.

ಆದುದರಿಂದ ಮೇಸನ್ ಅವರ ನಿಸರ್ಗ ಪುಸ್ತಕದ ವಿಧಾನವನ್ನು ತೆಗೆದುಕೊಂಡು, ಅದರೊಳಗಿನ ವಿಷಯವನ್ನು ಊರಿನಿಂದ ತುಂಬಬೇಕು. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಎಂಬ ಮಳೆ ನಕ್ಷತ್ರಗಳೇ ಪುಟಗಳ ಶೀರ್ಷಿಕೆಯಾಗಲಿ. ಒಂದೊಂದಕ್ಕೂ ಹದಿಮೂರು, ಹದಿನಾಲ್ಕು ದಿನ. ಬಾಯಿಯೂ ತಳವೂ ಒಂದೇ ಅಗಲವಿರುವ ಡಬ್ಬಿಯನ್ನು ಮರದ ಮರೆಯಿಲ್ಲದ ಅಂಗಳದಲ್ಲಿಟ್ಟು, ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅಳತೆಪಟ್ಟಿಯಿಂದ ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆದು, ನೀರನ್ನು ಚೆಲ್ಲಿ, ಅಂಕಿಯನ್ನು ಬರೆದಿಡಲಿ. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯನ್ನು ತನ್ನ ಅಂಗಳದೊಡನೆ ಹೋಲಿಸುವಾಗ ಎಂಟು ವರ್ಷದ ಮಗು ಕೂಡುವುದನ್ನೂ ಕಳೆಯುವುದನ್ನೂ ಬೇಸರವಿಲ್ಲದೆ ಮಾಡುತ್ತದೆ.

ಭಾಷೆಯ ಮಾತೂ ಇದೆ. ಹವ್ಯಕ ಕನ್ನಡ, ಅರೆಭಾಷೆ, ತುಳು, ಕೊಡವ, ಕುಣಬಿಯರ ಕೊಂಕಣಿ, ಹೀಗೆ ಮನೆಯ ಮಾತು ಪುಸ್ತಕದ ಕನ್ನಡಕ್ಕಿಂತ ಬೇರೆ. ಮಗು ಯೋಚಿಸುವುದು ಮನೆಯ ಮಾತಿನಲ್ಲಿ. ಆದುದರಿಂದ ಕಥೆ, ವಿವರಣೆ, ಪ್ರಶ್ನೆಗಳು ಮನೆಮಾತಿನಲ್ಲೇ ಇರಲಿ. ಓದು ಬರಹಕ್ಕೆ ಕನ್ನಡದ ಒಂದೇ ಕ್ರಮ ಸಾಕು. ಇಂಗ್ಲಿಷು ಈ ವಯಸ್ಸಿನಲ್ಲಿ ಕಿವಿಗೆ ಬೀಳಲಿ, ಬಾಯಿಗೆ ಬರಲಿ. ಕೈಗೆ ಬರಲು ಇನ್ನೂ ಕಾಲವಿದೆ.

ಒಮ್ಮೆ ಆರಿಸಿದ ಕ್ರಮಕ್ಕೆ ಕನಿಷ್ಠ ಒಂದು ಮಳೆಗಾಲದಷ್ಟಾದರೂ ಅವಕಾಶ ಕೊಡಬೇಕು. ತಿಂಗಳಿಗೊಮ್ಮೆ ಸಸಿ ಕಿತ್ತು ಬೇರು ನೋಡಿದರೆ ಗಿಡ ಉಳಿಯದು. ದಿನಕ್ಕೆ ಬರಹ, ಲೆಕ್ಕಗಳ ಎರಡು ಚಿಕ್ಕ ಪಾಠ ಈ ವಯಸ್ಸಿಗೆ ಸಾಕು. ವಾರಕ್ಕೊಂದು ಪುಟದಷ್ಟು ದಾಖಲೆ ಇಟ್ಟರೆ ಶಾಲೆಗೆ ಸೇರಿಸುವ ದಿನ ಅದು ಉಪಯೋಗಕ್ಕೆ ಬರುತ್ತದೆ. ಈ ಹೊರೆಯೆಲ್ಲ ತಾಯಿಯ ತಲೆಗೇ ಬಾರದಂತೆ ಮನೆಯ ಗಂಡಸರು ಒಂದು ಪಾಠವನ್ನಾದರೂ ವಹಿಸಿಕೊಳ್ಳಬೇಕು. ಕೊಟ್ಟಿಗೆ, ಅಡುಗೆಮನೆಗಳ ನಡುವೆ ಮೂರನೆಯ ದುಡಿಮೆಯೊಂದನ್ನು ಹೆಂಗಸರ ಮೇಲೆ ಹೇರಿ ಅದಕ್ಕೆ ಮನೆಕಲಿಕೆ ಎಂಬ ಹೆಸರಿಡುವುದು ನ್ಯಾಯವಲ್ಲ.

ಕೊನೆಯದಾಗಿ, ಮನೆ ಕೊಡಲಾರದ ಪಾಠವೊಂದಿದೆ. ಒಂದು ಮನೆಯಲ್ಲಿ ಸಾಮಾನ್ಯವಾಗಿ ಒಂದೇ ಜಾತಿ, ಒಂದೇ ಬಗೆಯ ಅನ್ನ. ಊರ ಶಾಲೆಯ ಬಿಸಿಯೂಟದ ಪಂಕ್ತಿಯಲ್ಲಿ ತೋಟದ ಒಡೆಯನ ಮಗುವೂ ಕೂಲಿಯವರ ಮಗುವೂ ಪಕ್ಕಪಕ್ಕದಲ್ಲಿ ಕುಳಿತುಕೊಳ್ಳುತ್ತವೆ. ಅನುಕೂಲವುಳ್ಳವರ ಮಕ್ಕಳು ಮನೆಯಲ್ಲೇ ಉಳಿದಂತೆ ಶಾಲೆಯ ಹಾಜರಿ ಇಳಿಯುತ್ತದೆ. ಹಾಜರಿ ಇಳಿದ ಶಾಲೆ ಮುಚ್ಚಿದರೆ, ಮನೆಯಲ್ಲಿ ಕಲಿಸಬಲ್ಲ ಓದಿದ ತಾಯಿ ಇಲ್ಲದ ಮಗು ಎಲ್ಲಿಗೆ ಹೋಗಬೇಕು? ಶಿಕ್ಷಣ ಹಕ್ಕಿನ 2010ರ ಕೇಂದ್ರ ನಿಯಮಗಳು ಒಂದರಿಂದ ಐದನೆಯ ತರಗತಿಗೆ ಒಂದು ಕಿಲೋಮೀಟರ್ ನಡಿಗೆಯೊಳಗೆ ಶಾಲೆಯಿರಬೇಕೆಂದು ಹೇಳುತ್ತವೆ. ದುರ್ಗಮ ನೆಲ, ಭೂಕುಸಿತ, ನೆರೆ, ರಸ್ತೆಯಿಲ್ಲದಿರುವಿಕೆಗಳಿಂದ ಮಕ್ಕಳಿಗೆ ಅಪಾಯವಿರುವಲ್ಲಿ ಆ ದೂರವನ್ನೂ ತಗ್ಗಿಸಬೇಕೆನ್ನುತ್ತವೆ. ಘಟ್ಟದ ಊರುಗಳ ಪರವಾಗಿ ಇರುವ ಈ ಮಾತನ್ನು ಶಾಲಾಭಿವೃದ್ಧಿ ಸಮಿತಿಗಳು ಕೈಯಲ್ಲಿ ಹಿಡಿದು ಕೇಳಬೇಕು.

ಹಾಗಾಗಿ ಮೂರರಿಂದ ಆರರವರೆಗೆ ಮನೆಯೂ ಅಂಗನವಾಡಿಯೂ ಜೊತೆಯಾಗಿರಲಿ. ಆರರ ಬಳಿಕ ಶಾಲೆ ನಡೆದು ತಲುಪುವಂತಿದ್ದರೆ ಹೆಸರು ಶಾಲೆಯಲ್ಲಿರಲಿ, ಮಗುವೂ ಅಲ್ಲಿಯೇ ಇರಲಿ. ಮನೆಯ ಪಾಠ ಸಂಜೆಗೆ, ಮಳೆಯ ರಜೆಗೆ ಉಳಿಯಲಿ. ಶಾಲೆ ತಲುಪಲಾಗದ ಕಡೆ ಮನೆಕಲಿಕೆ ನಡೆಯಲಿ, ಆದರೆ ಜಗಲಿಯಲ್ಲಿ ನೆರೆಮನೆಯ ಮಕ್ಕಳಿಗೂ ಒಂದು ಚಾಪೆ ಹಾಸಿರಲಿ. ಈ ಸಭೆಯಲ್ಲಿರುವ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ ಅಂತಹ ಒಂದು ಜಗಲಿಯಲ್ಲಿ ವಾರಕ್ಕೆರಡು ಸಂಜೆ ಕುಳಿತರೆ, ಈ ಮಾತಿಗೆ ಅದಕ್ಕಿಂತ ಹೆಚ್ಚಿನ ಫಲ ಬೇಕಿಲ್ಲ.