ಎಪ್ಪತ್ತರ ಮೇಲೆ ಹೊಸ ಗೆಳೆತನ

(ಮಹಿಳಾ ವಿಭಾಗದ ಸಭೆಯಲ್ಲಿ ಆಡಿದ ಮಾತುಗಳು)



ಊರು ಬಿಟ್ಟು ನಮ್ಮ ಜೊತೆ ಇರಲು ಬಂದ ಅಪ್ಪ-ಅಮ್ಮ, ಅತ್ತೆ-ಮಾವ ಹೈದರಾಬಾದಿನಲ್ಲಿ ಸ್ನೇಹಿತರನ್ನು ಮಾಡಿಕೊಳ್ಳಲು ನಾವೇನು ಮಾಡಬಹುದು? ಇವತ್ತು ನನಗೆ ಕೊಟ್ಟಿರುವ ವಿಷಯ ಇದು. ಇಂಥ ಹಿರಿಯರು ಮನೆಯಲ್ಲಿರುವವರು ಕೈ ಎತ್ತಿ ಎಂದರೆ ಈ ಸಭೆಯಲ್ಲಿ ಬಹಳ ಕೈಗಳು ಮೇಲೇಳುತ್ತವೆ. ಧಾರವಾಡದ ಮನೆಗೆ ಬೀಗ ಹಾಕಿಯೋ, ದಾವಣಗೆರೆಯ ಮನೆ ಮಾರಿಯೋ ಅವರು ಬರುತ್ತಾರೆ. ಪ್ರತ್ಯೇಕ ಕೋಣೆ, ಟಿವಿ, ಮೊಣಕಾಲಿಗೆ ಒಳ್ಳೆಯ ಡಾಕ್ಟರು, ಎಲ್ಲ ಒದಗಿಸುತ್ತೇವೆ. ಮೂರನೆಯ ತಿಂಗಳಿಗೆ "ನನ್ನ ಊರಿಗೆ ಬಿಟ್ಟು ಬಾ" ಎನ್ನುತ್ತಾರೆ. ನಮಗೆ ಏನು ಕಡಿಮೆಯಾಯಿತೋ ಎಂಬ ಬೇಸರ.

ನಮ್ಮ ಅತ್ತೆಯವರು ಧಾರವಾಡದಿಂದ ಕೊಂಡಾಪುರಕ್ಕೆ ಬಂದ ಹೊಸತರಲ್ಲಿ ಒಮ್ಮೆ ಹೇಳಿದರು: "ಅಲ್ಲೆ ನಾ ಮಾಸ್ತರ ಮನಿ ಅಕ್ಕಾರು. ಇಲ್ಲೆ ನಾ ಬರೇ ನಾಕನೂರಾ ಎರಡು." 402 ನಮ್ಮ ಫ್ಲಾಟಿನ ನಂಬರು. ಊರಲ್ಲಿ ಹೂವಿನವಳು, ಹಾಲಿನವನು, ಗುಡಿಯ ಪೂಜಾರಿ, ಎದುರು ಮನೆಯ ಅಜ್ಜಿ, ಇಷ್ಟು ಜನ ಅವರನ್ನು ದಿನಾ ನೋಡುತ್ತಿದ್ದರು. ಒಂದು ದಿನ ಕಾಣದಿದ್ದರೆ "ಯಾಕ್ರೀ ಅಕ್ಕಾರ, ಆರಾಮ ಇಲ್ಲೇನು?" ಎಂದು ಬಾಗಿಲಿಗೆ ಬರುತ್ತಿದ್ದರು. ಊರು ಬಿಟ್ಟಾಗ ಕೈತಪ್ಪಿದ್ದು ಈ ವಿಚಾರಿಸುವ ಜನ. ಆ ಜಾಗವನ್ನು ಮಗ-ಸೊಸೆ ಎಷ್ಟು ಪ್ರೀತಿಯಿಂದ ನೋಡಿಕೊಂಡರೂ ತುಂಬಲಾಗದು.

ಇದನ್ನು ವಯಸ್ಸಾದವರ ಗೊಣಗಾಟ ಎನ್ನಬೇಡಿ. ಮಂಡ್ಯದ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರ ಮೇ ತಿಂಗಳಲ್ಲಿ, ಒಂಟಿತನದ ಬಗ್ಗೆ ಆ ದೇಶಕ್ಕೇ ಎಚ್ಚರಿಕೆ ಕೊಟ್ಟರು. ಜನರ ಒಡನಾಟವಿಲ್ಲದ ಬದುಕು ದಿನಕ್ಕೆ 15 ಸಿಗರೇಟು ಸೇದಿದಷ್ಟು ಆಯುಷ್ಯಕ್ಕೆ ಕೆಡುಕು ಎಂದು ಅದರಲ್ಲಿದೆ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರಲ್ಲಿ ಹೇಳಿತು. ಬಿಪಿ ಮಾತ್ರೆ ತಗೊಂಡಿರಾ ಎಂದು ದಿನಾ ಕೇಳುವ ನಾವು, ಇವತ್ತು ಯಾರ ಹತ್ತಿರ ಮಾತಾಡಿದಿರಿ ಎಂದೂ ಕೇಳಬಹುದಲ್ಲ?

ಈಗ ನಿಷ್ಠುರದ ಒಂದು ಮಾತು. ಯಾವ ಅಪಾರ್ಟ್‌ಮೆಂಟಿನಲ್ಲೇ ನೋಡಿ, ಹಿರಿಯರು ಕೆಳಗೆ ಬೆಂಚಿನ ಮೇಲೆ ಸೇರುವುದು ಸಂಜೆ ಐದರಿಂದ ಏಳು. ಮೊಮ್ಮಕ್ಕಳು ಸ್ಕೂಲ್ ಬಸ್ಸಿನಿಂದ ಇಳಿದು ಹಾಲು ಕುಡಿದು ಟ್ಯೂಷನ್ನಿಗೆ ಹೊರಡುವುದೂ ಅದೇ ಹೊತ್ತು. ನಾವು ಆಫೀಸಿನಲ್ಲಿ. ಆ ಎರಡು ಗಂಟೆ ಅಜ್ಜಿಗೆ ಡ್ಯೂಟಿ ಬಿದ್ದರೆ ಅವರಿಗೆ ಗೆಳತಿಯರು ಸಿಗುವುದು ಯಾವಾಗ? ವಾರದಲ್ಲಿ ಮೂರು ಸಂಜೆಯಾದರೂ ಬಿಡುವು ಕೊಡಿ. ಅದಕ್ಕೆ ಸ್ವಲ್ಪ ಖರ್ಚಾದರೂ ಆಗಲಿ. ನನ್ನ ಲೆಕ್ಕದಲ್ಲಿ ಉಳಿದ ಉಪಾಯಗಳೆಲ್ಲ ಇದರ ನಂತರ.

ಇನ್ನೊಂದು, ತರಕಾರಿ, ಹೂವು ಎಲ್ಲವನ್ನೂ ಮೊಬೈಲಿನಲ್ಲಿ ತರಿಸಬೇಡಿ. ಕೊತ್ತಂಬರಿ ಕಟ್ಟು ತರಲು ಅತ್ತೆ ಗೇಟಿನಾಚೆ ಹೋಗಲಿ. ಹತ್ತು ರೂಪಾಯಿಗೆ ಚೌಕಾಶಿ ಮಾಡಲಿ. ಒಬ್ಬಳೇ ತರಕಾರಿಯವಳ ಹತ್ತಿರ ಹದಿನೈದು ದಿನ ಕೊಂಡರೆ ಹದಿನಾರನೆಯ ದಿನ ಅವಳೇ ಮಾತಾಡಿಸುತ್ತಾಳೆ.

ಭಾಷೆ ಬರುವುದಿಲ್ಲ ಎಂಬ ಅಂಜಿಕೆ ಇದ್ದದ್ದೇ. ಆದರೆ ಕನ್ನಡ, ತೆಲುಗು ಲಿಪಿಗಳು ಒಂದೇ ಬೇರಿನವು. ತಲೆಕಟ್ಟಿನ ವ್ಯತ್ಯಾಸ ತೋರಿಸಿಕೊಟ್ಟರೆ ನಮ್ಮವರು ಬಸ್ಸಿನ ಬೋರ್ಡು ಕೂಡಿಸಿಕೊಂಡು ಓದುತ್ತಾರೆ. ಇದನ್ನು ಮೊಮ್ಮಗುವಿನಿಂದ ಕಲಿಸಿ. ನಮ್ಮಿಂದ ಕಲಿಯಲು ಅವರಿಗೆ ಸಂಕೋಚ. ಕಲಬುರಗಿ, ಬೀದರ, ರಾಯಚೂರು ಕಡೆಯ ಹಿರಿಯರಿಗೆ ಈ ಊರು ಪರಊರೇ ಅಲ್ಲ. 1956ರ ನವೆಂಬರ್ 1ರವರೆಗೆ ಆ ಜಿಲ್ಲೆಗಳು ಹೈದರಾಬಾದ್ ಸಂಸ್ಥಾನ, ಆಮೇಲೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು. ದಖನಿಯಲ್ಲಿ ಎರಡು ಮಾತಾಡಿದರೆ ಆಟೋದವನು ಕೂಡ ನೆಂಟನಾಗುತ್ತಾನೆ.

ಹೊಸ ಜನರ ನಡುವೆ ತಾನು ಬೇಕಾದವಳು ಅನ್ನಿಸಿದರೆ ಸ್ನೇಹ ಬೇಗ ಹತ್ತುತ್ತದೆ. ನಮ್ಮಲ್ಲಿ ಅದು ಆದದ್ದು ಬತುಕಮ್ಮ ಹಬ್ಬದಲ್ಲಿ. ಒಂಬತ್ತು ದಿನ ಇಲ್ಲಿನ ಹೆಂಗಸರು ಹೂವನ್ನು ಗೋಪುರದಂತೆ ಜೋಡಿಸಿ, ಸುತ್ತ ಚಪ್ಪಾಳೆ ತಟ್ಟಿ ಹಾಡುತ್ತಾರಲ್ಲ, ಅದು. ಅವರು ತಂಗೇಡು ಎನ್ನುವ ಹಳದಿ ಹೂ ನಮ್ಮ ತಂಗಡಿಯೇ, ಆವರಿಕೆ. ಅತ್ತೆ ಅದನ್ನು ಕಂಡು ಸುಮ್ಮನೆ ಕುಳಿತು ಜೋಡಿಸತೊಡಗಿದರು. ಕೈ ಚುರುಕು ನೋಡಿ ಮೂರನೆಯ ಮಹಡಿಯ ವಾರಂಗಲ್ ಕಡೆಯ ಅಮ್ಮ ಮರುದಿನ ತಾವೇ ಬಂದು ಬೆಲ್ ಮಾಡಿದರು. ಒಬ್ಬರದು ಧಾರವಾಡದ ಕನ್ನಡ, ಇನ್ನೊಬ್ಬರದು ತೆಲಂಗಾಣದ ತೆಲುಗು. ಮೊಣಕಾಲು ನೋವಿನ ವಿಷಯಕ್ಕೆ ಯಾವ ಅನುವಾದವೂ ಬೇಕಾಗಲಿಲ್ಲ.

ಹಾಗೆಂದು ಕನ್ನಡ ಬೇಡವೇ? ಬೇಕು. ತಮಾಷೆ ಮಾಡಲು, ಊರಿನ ಸುದ್ದಿ ಹೇಳಲು ತಾಯಿಮಾತೇ ಬೇಕು. ನಮ್ಮ ತೊಂದರೆ ದೂರದ್ದು. ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಎರಡೂ ಕಾಚಿಗುಡದಲ್ಲಿ, ರಾಯರ ಮಠ ಬರ್ಕತ್‌ಪುರದಲ್ಲಿ. ನಮ್ಮ ಮನೆಗಳು ಮಿಯಾಪುರ, ಕೊಂಡಾಪುರ, ಗಚ್ಚಿಬೌಲಿಯಲ್ಲಿ. ಮಿಯಾಪುರದಲ್ಲಿ ಮೆಟ್ರೋ ಹತ್ತಿದರೆ ಬದಲಾಯಿಸದೆ ಉಸ್ಮಾನಿಯಾ ಮೆಡಿಕಲ್ ಕಾಲೇಜು ನಿಲ್ದಾಣಕ್ಕೆ ಬರಬಹುದು, ಅಲ್ಲಿಂದ ಆಟೋ. ಮೊದಲ ಎರಡು ಸಲ ಜೊತೆಗೆ ಹೋಗಿ, ಮೂರನೆಯ ಸಲ ಇಬ್ಬರು ಹಿರಿಯರನ್ನೇ ಕಳಿಸಿ. ವರ್ಷಕ್ಕೊಮ್ಮೆ ರಾಜ್ಯೋತ್ಸವಕ್ಕೆ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದರೆ ಸ್ನೇಹವಾಗುವುದಿಲ್ಲ.

ಗಂಡಸರದು ಇನ್ನೂ ಕಷ್ಟ. ನಿವೃತ್ತ ಮ್ಯಾನೇಜರ್ ಮಾವನವರು ಬೆಂಚಿಗೆ ಹೋಗಿ "ನಾನೂ ಕೂರಲೇ?" ಎನ್ನುವುದಿಲ್ಲ. ಅವರಿಗೆ ನೆಪ ಬೇಕು. ಸೊಸೈಟಿಯ ಲೆಕ್ಕಪತ್ರ, ಇಸ್ಪೀಟು, ಚದುರಂಗ, ಏನಾದರೂ ಒಂದು.

ಬಾಯಿಬಿಟ್ಟು ಹೇಳಿಕೊಳ್ಳಲು ಮನೆಯಲ್ಲಿ ಆಗದಿದ್ದಾಗ 14567ಕ್ಕೆ ಫೋನ್ ಮಾಡಬಹುದು. ಹಿರಿಯರ ಈ ಸಹಾಯವಾಣಿ 2017ರಲ್ಲಿ ಮೊದಲು ನಮ್ಮ ಹೈದರಾಬಾದಿನಲ್ಲೇ ಶುರುವಾದದ್ದು. ಈಗ ದೇಶಕ್ಕೆಲ್ಲ ಇದೆ. ಹಿರಿಯರ ಫೋನಿನಲ್ಲಿ ದೊಡ್ಡ ಅಕ್ಷರದಲ್ಲಿ ಸೇರಿಸಿಡಿ.

ಕೊನೆಗೆ ಒಂದು ಕೆಲಸ. ಹೊರಗೆ ಚಹಾದ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ನಿಮ್ಮ ಮನೆಯ ಹಿರಿಯರ ಹೆಸರು, ತವರೂರು, ಈಗಿರುವ ಬಡಾವಣೆ, ಅವರಿಗೆ ಏನು ಚೆನ್ನಾಗಿ ಬರುತ್ತದೆ ಎಂಬುದನ್ನು ಬರೆಯಿರಿ. ಹಾಡು, ಹಪ್ಪಳ, ಕಸೂತಿ, ಪಂಚಾಂಗ ನೋಡುವುದು, ಯಾವುದಾದರೂ ಸರಿ. ಮೊದಲು ಅವರನ್ನೇ ಕೇಳಿ ಬರೆಯಿರಿ, ಫೋನ್ ಮಾಡಿ ಕೇಳಿದರೂ ಆದೀತು. ನಡೆದು ಹೋಗುವಷ್ಟು ಹತ್ತಿರದಲ್ಲಿರುವ ಇಬ್ಬಿಬ್ಬರನ್ನು ಜೋಡಿ ಮಾಡುವ ಹೊಣೆ ನಮ್ಮ ವಿಭಾಗದ್ದು. ಪೆನ್ನಿಗೆ ದಾರ ಕಟ್ಟಿದ್ದೇನೆ, ದಯವಿಟ್ಟು ಯಾರೂ ಒಯ್ಯಬೇಡಿ.